ತಾತ ಕಲಿಸಿದ ಬಣ್ಣಗಳು

ನಮ್ಮ ಮನೆ ಗುಲಾಬಿ ಬಣ್ಣದ್ದು. ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಪಾರ್ಸೆಲ್ ತರುವ ಹುಡುಗರಿಂದ ಹಿಡಿದು ಗ್ಯಾಸ್ ಸಿಲಿಂಡರಿನವನ ತನಕ ಎಲ್ಲರಿಗೂ ಅದು ‘ರೋಸ್ ಮನೆ’. ಬಣ್ಣ ಆರಿಸಲು ಹೋದವರು ನನ್ನ ಅಪ್ಪ ಮತ್ತು ನನ್ನ ಗಂಡ. ಅಂಗಡಿಯಲ್ಲಿ ಬಣ್ಣದ ಕಾರ್ಡು ಹಿಡಿದು, ಬಿಸಿಲಿಗೆ ತಂದು ನೋಡಿ, ಚರ್ಚೆ ಮಾಡಿ, ಒಮ್ಮತಕ್ಕೆ ಬಂದು, ತಿಳಿ ಬೂದು ಎಂದುಕೊಂಡು ಬೆರಳಿಟ್ಟು ತೋರಿಸಿ ಡಬ್ಬ ಹೊತ್ತು ತಂದಿದ್ದರು. ನಾನು ಸಂಜೆ ಕಾಲೇಜಿನಿಂದ ಬರುವಷ್ಟರಲ್ಲಿ ಮುಂದಿನ ಗೋಡೆ ಅರ್ಧ ಮುಗಿದಿತ್ತು. ಇಬ್ಬರೂ ಬೀದಿಯ ಆ ಬದಿಯಲ್ಲಿ ಕೈಕಟ್ಟಿ ನಿಂತು ತಲೆಯೆತ್ತಿ ನೋಡುತ್ತಿದ್ದರು.

“ಎಷ್ಟು ಡೀಸೆಂಟಾಗಿ ಕಾಣ್ತಿದೆ ನೋಡಮ್ಮ,” ಅಂದರು ಅಪ್ಪ.

“ಸಿಮೆಂಟ್ ಕಲರ್ ಯಾವತ್ತಿದ್ರೂ ಗಂಭೀರ, ಮಾವ,” ಅಂದ ನನ್ನ ಗಂಡ.

ನಾನು ಬ್ಯಾಗು ಕೆಳಗಿಟ್ಟು ಒಮ್ಮೆ ಗೋಡೆ ನೋಡಿದೆ, ಒಮ್ಮೆ ಇವರಿಬ್ಬರ ಮುಖ ನೋಡಿದೆ. ಏಣಿಯ ಮೇಲಿದ್ದ ಪೇಂಟರ್ ನನ್ನ ಮುಖ ಕಂಡವನೇ, “ನಂಗೇನ್ ಗೊತ್ತಕ್ಕ, ಅವ್ರು ತಂದಿದ್ದೇ ಹಚ್ತಿದೀನಿ,” ಎಂದು ಬ್ರಷ್ಷು ಕೆಳಗಿಳಿಸಿದ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಬೀದಿಗೆ ಗೊತ್ತು. ಆದರೆ ಆವತ್ತು ಕೋಪ ಬರುವ ಮೊದಲೇ ನಗು ಬಂದು ಗೇಟು ಹಿಡಿದುಕೊಂಡು ಕೂತುಬಿಟ್ಟೆ. ಅಮ್ಮ ಒಳಗಿನಿಂದ ಬಂದು ನೋಡಿ, ಇರಲಿ ಬಿಡು, ಮದುವೆ ಮನೆ ಥರ ಇದೆ ಎಂದು ತೀರ್ಪು ಕೊಟ್ಟಳು. ಹಾಗಾಗಿ ಅದೇ ಬಣ್ಣ ಉಳಿಯಿತು.

ಅಪ್ಪ ಸರ್ಕಾರಿ ಯಂತ್ರೋಪಕರಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಸವರಿಯೇ ಹೇಳುತ್ತಿದ್ದರಂತೆ. ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ಟೊಮೆಟೊ ಆರಿಸಲು ಅಮ್ಮ ಅವರನ್ನು ಕಳಿಸುವುದನ್ನೇ ಬಿಟ್ಟಿದ್ದಳು. ಕಾಯಿ, ಹಣ್ಣು ಎಲ್ಲ ಒಂದೇ ಚೀಲದಲ್ಲಿ ಬರುತ್ತಿತ್ತು. ಕಣ್ಣು ತೋರಿಸಿ ಎಂದರೆ ಮೈಮೇಲೆ ಬರುತ್ತಿದ್ದರು. “ನನ್ನ ಕಣ್ಣಿಗೇನಾಗಿದೆ? ಅಂಗಡಿಯವ್ನು ಮೋಸ ಮಾಡಿದಾನೆ,” ಎನ್ನುವುದು ಅವರ ಖಾಯಂ ಉತ್ತರ.

ಗಂಡನ ವಿಷಯ ಗೊತ್ತಾದದ್ದು ಮದುವೆಯಾದ ಹೊಸದರಲ್ಲಿ. ಚಟ್ನಿಗೆ ಹಣ್ಣು ಮೆಣಸಿನಕಾಯಿ ತಾ ಎಂದು ಅಮ್ಮ ಕಳಿಸಿದಳು. ಅವನು ಒಳ್ಳೇ ಹಸಿರು ಮೆಣಸಿನಕಾಯಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದ. ಅಮ್ಮ ಒಂದನ್ನು ಎತ್ತಿ ಹಿಡಿದು, “ಇದು ಹಣ್ಣೇನಪ್ಪಾ?” ಅಂದಳು. ಅವನು ಅಪ್ಪನ ಕಡೆ ತಿರುಗಿದ. ಅಪ್ಪ ನೋಡಿ, ಹೌದು, ಚೆನ್ನಾಗಿ ಹಣ್ಣಾಗಿದೆ ಅಂದರು. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ನನ್ನ ಗಂಡ ಒಬ್ರೇ ಹಿಂಗೆ ಅಂದ್ಕೊಂಡಿದ್ದೆ ಕಣೇ. ಅಳಿಯನೂ ಸಿಕ್ಕಿದ್ನಲ್ಲ ಜೋಡಿಗೆ,” ಎಂದು ಹಣೆ ಚಚ್ಚಿಕೊಂಡಳು.

ಗಂಡ ಬೇರೆ ಯಾರೂ ಅಲ್ಲ, ನನ್ನ ಸೋದರತ್ತೆಯ ಮಗ. ಜಿಗಣಿ ಕಡೆಯ ಹಳ್ಳಿಯಲ್ಲಿ ಅಪ್ಪನ ಸ್ವಂತ ತಂಗಿಯ ಮನೆ. ಪ್ರತಿ ಬೇಸಿಗೆ ರಜೆಗೆ ಹೋದಾಗ ನನ್ನ ಜಡೆ ಎಳೆದು ಓಡುತ್ತಿದ್ದವನು ಇವನೇ. ಅವನಿಗೆ ಬಹುವಚನ ಹಾಕಲು ನನ್ನಿಂದ ಆಗುವುದಿಲ್ಲ, ಅತ್ತೆ ಎಷ್ಟು ಬೈದರೂ ಅಷ್ಟೇ. ನಮ್ಮಲ್ಲಿ ಅತ್ತೆಯ ಮಗನನ್ನು ಮದುವೆಯಾಗುವುದು ಹೊಸದೇನಲ್ಲ. ಕಾಲೇಜಿನ ಸಹೋದ್ಯೋಗಿಯೊಬ್ಬರು, ಬಯಾಲಜಿ ಪಾಠ ಮಾಡುವವರು ಸಂಬಂಧದಲ್ಲೇ ಆಗ್ಬಿಟ್ರಲ್ಲ ಮೇಡಂ ಎಂದು ಕೊಂಕು ತೆಗೆದಾಗ, ಪಾಠ ಮಾಡೋದು ಹೊಟ್ಟೆಪಾಡಿಗೆ, ಮದುವೆ ಆಗಿದ್ದು ಇಷ್ಟಪಟ್ಟು ಎಂದು ಬಾಯಿ ಮುಚ್ಚಿಸಿದ್ದೆ.

ಹೌದು, ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಕೋಶ ವಿಭಜನೆ, ಅನುವಂಶೀಯತೆ ಇವೆರಡು ಪಾಠ ಬಂತೆಂದರೆ ನನಗೆ ಹಬ್ಬ. ಶಾಲಾ ಕಾಲೇಜುಗಳೆಲ್ಲ ಮುಚ್ಚಿ, ಫೋನಿನಲ್ಲೇ ಪಾಠ ಮಾಡಬೇಕಾಗಿ ಬಂದ ಕಾಲದಲ್ಲಿ ನಾನು ನಡುಮನೆಯ ಮೇಜಿಗೆ ಫೋನು ಆನಿಸಿಟ್ಟು ವರ್ಣತಂತುಗಳನ್ನು, ಅಂದರೆ ಕ್ರೋಮೋಸೋಮುಗಳನ್ನು ತೋರಿಸಲು ಏನು ಸಿಗುತ್ತದೆಂದು ಹುಡುಕಿದೆ. ಜೋಡಿ ಬೇಕಲ್ಲ, ಸರಿ, ಮನೆಮಂದಿಯ ಹವಾಯಿ ಚಪ್ಪಲಿಗಳನ್ನು ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

“ಪಾಠ ಹೇಳೋ ಟೇಬಲ್ ಮೇಲೆ ಚಪ್ಪಲಿ ಇಡ್ತೀಯಾ? ವಿದ್ಯೆ ಹತ್ತತ್ತಾ ಆ ಮಕ್ಕಳಿಗೆ?”

ಫೋನು ಆನ್ ಆಗಿತ್ತು. ಇಡೀ ತರಗತಿ ಕೇಳಿಸಿಕೊಂಡಿತು. ಅಮ್ಮ ಚಪ್ಪಲಿಗಳನ್ನೆಲ್ಲ ಬಾಚಿಕೊಂಡು ಹೋಗಿ, ತನ್ನ ಗಾಜಿನ ಬಳೆಗಳ ಡಬ್ಬ ತಂದು ಮುಂದಿಟ್ಟಳು. ನಿಜ ಹೇಳಬೇಕೆಂದರೆ ಬಳೆ ಚಪ್ಪಲಿಗಿಂತ ಒಳ್ಳೆಯ ಸಾಮಾನು. ಹಸಿರು ಬಳೆ ಅಮ್ಮನಿಂದ ಬಂದದ್ದು ಎಂದಿಟ್ಟುಕೊಳ್ಳಿ, ಕೆಂಪು ಬಳೆ ಅಪ್ಪನಿಂದ ಬಂದದ್ದು ಎಂದು ಶುರು ಮಾಡಿದೆ. ಕೋಶ ಒಡೆಯುವ ಮೊದಲು ಪ್ರತಿ ಬಳೆಯೂ ತನ್ನಂಥದೇ ಇನ್ನೊಂದು ಬಳೆ ಮಾಡಿಕೊಳ್ಳುತ್ತದೆ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು, ನಡುವೆ ದಾರ ಕಟ್ಟಿದ ಹಾಗೆ. ಚರ್ಮ ಬೆಳೆಯಲು, ಗಾಯ ಮಾಯಲು, ಈರುಳ್ಳಿಯ ಬೇರು ಉದ್ದವಾಗಲು ಆಗುವುದು ಸಾದಾ ವಿಭಜನೆ. ದಾರ ಕಡಿದು ಒಂದು ಹಸಿರು, ಒಂದು ಕೆಂಪು ಆ ಕಡೆ. ಒಂದು ಹಸಿರು, ಒಂದು ಕೆಂಪು ಈ ಕಡೆ. ಎರಡು ಹೊಸ ಕೋಶಗಳೂ ಹಳೆಯದರ ಹಾಗೆಯೇ.

ಆದರೆ ಮಗು ಹುಟ್ಟಿಸುವ ಕೋಶದ ಲೆಕ್ಕ ಬೇರೆ. ಅದು ಒಂದು ಸಲ ದ್ವಿಗುಣವಾಗಿ ಎರಡು ಸಲ ಒಡೆಯುತ್ತದೆ. ಕೊನೆಗೆ ಒಂದೊಂದರ ಪಾಲಿಗೆ ಉಳಿಯುವುದು ಜೋಡಿಯಲ್ಲಿ ಒಂದೇ ಬಳೆ, ಹಸಿರಾದರೆ ಹಸಿರು, ಕೆಂಪಾದರೆ ಕೆಂಪು. ಯಾವುದು ಸಿಗುತ್ತದೆಂದು ಯಾರ ಕೈಯಲ್ಲೂ ಇಲ್ಲ. ತಾಯಿಯ ಅಂಡಾಣುವಿನ ಒಂದು, ತಂದೆಯ ವೀರ್ಯಾಣುವಿನ ಒಂದು ಸೇರಿ ಮತ್ತೆ ಜೋಡಿ. ಹೀಗೆ ನಾನು ಬಳೆ ಎತ್ತಿ ಎತ್ತಿ ತೋರಿಸುತ್ತಿದ್ದರೆ ಸೋಫಾದ ಮೇಲಿಂದ ಅಪ್ಪನ ದನಿ ಬಂತು.

“ಎರಡೂ ಒಂದೇ ಥರ ಇದೆಯಲ್ಲಮ್ಮ. ಮಕ್ಕಳಿಗೆ ಹೆಂಗೆ ಗೊತ್ತಾಗತ್ತೆ?”

ಪಕ್ಕದಲ್ಲಿ ಊಟದ ತಟ್ಟೆ ಹಿಡಿದು ಕೂತಿದ್ದ ನನ್ನ ಗಂಡ, “ಹೌದು, ಬೇರೆ ಬೇರೆ ಬಣ್ಣದ್ದು ತಗೋಬೇಕಿತ್ತು,” ಎಂದು ದನಿಗೂಡಿಸಿದ. ಫೋನಿನ ಪರದೆಯ ತುಂಬ ನಗುವ ಮುಖಗಳು ಉದುರಿದವು. ನಾನು ಪಾಠ ನಿಲ್ಲಿಸಿ ಇಬ್ಬರನ್ನೂ ಹೊರಗೆ ಕಳಿಸಬೇಕಾಯಿತು.

ನಮ್ಮ ಮಗಳು ಮೊದಲು ಬಣ್ಣ ಕಲಿತದ್ದು ಆ ಮುಚ್ಚಿದ ದಿನಗಳಲ್ಲೇ. ಅವಳು ಎಲ್‌ಕೆಜಿಗೆ ಹೋಗಬೇಕಿತ್ತು, ಶಾಲೆಯೇ ಇರಲಿಲ್ಲ. ನಾನು ಫೋನಿನ ಮುಂದೆ ಕೂತಿರುತ್ತಿದ್ದೆ. ಗಂಡ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕಂಪ್ಯೂಟರ್ ಲೇತ್ ಓಡಿಸುವವನು. ಅವನಿಗೆ ಶಿಫ್ಟು. ಅಮ್ಮನಿಗೆ ಮಂಡಿನೋವು, ಜೊತೆಗೆ ಅಡುಗೆ. ಹಾಗಾಗಿ ಮೊಮ್ಮಗಳ ವಿದ್ಯಾಭ್ಯಾಸ ಅಪ್ಪನ ಪಾಲಿಗೆ ಬಂತು. ಅಪ್ಪ ಅದನ್ನು ಎಷ್ಟು ಖುಷಿಯಿಂದ ಮಾಡಿದರೆಂದರೆ, ಬೆಳಿಗ್ಗೆ ಸ್ನಾನ ಮಾಡಿ, ಕಾರ್ಖಾನೆಗೆ ಹೋಗುವ ಹಾಗೆ ಇಸ್ತ್ರಿ ಶರ್ಟು ಹಾಕಿಕೊಂಡು ತಾರಸಿಗೆ ಹತ್ತುತ್ತಿದ್ದರು. ಒಣಗಿಹಾಕಿದ ಬಟ್ಟೆ, ನೀರಿನ ಟ್ಯಾಂಕು, ಕೆಳಗೆ ಬೀದಿಯಲ್ಲಿ ಬಂದ ತರಕಾರಿ ಗಾಡಿ ಎಲ್ಲವೂ ಪಾಠದ ಸಾಮಗ್ರಿ.

“ಕೊತ್ತಂಬರಿ ಸೊಪ್ಪು ಯಾವ ಬಣ್ಣ ಪುಟ್ಟಿ?”

“ಬ್ರೌನ್, ತಾತ.”

“ಶಭಾಷ್.”

“ಅಯ್ಯೋ ಹಸಿರು ಕಣ್ರೀ ಅದು,” ಎಂದು ಅಮ್ಮ ಕೆಳಗಿನಿಂದ ಕೂಗುತ್ತಿದ್ದಳು. ಆಗ ಶಿಫ್ಟು ಮುಗಿಸಿ ಬಂದ ನನ್ನ ಗಂಡನನ್ನು ಕೇಳಲಾಗುತ್ತಿತ್ತು. ಅವನು ಮಾವನ ಪರ. ಎರಡು ಓಟಿಗೆ ಒಂದು ಓಟು, ಅಜ್ಜಿ ಸೋತಳು. ಇದರ ಮೇಲೆ ಅಪ್ಪ ಇವತ್ತು ಬ್ರೌನ್ ಅಂದ ಸೊಪ್ಪನ್ನೇ ನಾಳೆ ಗ್ರೀನ್ ಎನ್ನುತ್ತಿದ್ದರು. ಸೊಪ್ಪು ಎಂದರೆ ಹಸಿರು ಎಂದು ಲೋಕವೆಲ್ಲ ಹೇಳುವುದು ನೆನಪಾದ ದಿನ ಗ್ರೀನ್, ಮರೆತ ದಿನ ಬ್ರೌನ್. ಮಗಳು ಎರಡನ್ನೂ ಒಪ್ಪಿಕೊಂಡಳು. ತಾತ ಹೇಳಿದರೆ ಅವಳಿಗೆ ಅದು ವೇದ.

ಅವಳು ಒಂದನೇ ತರಗತಿಗೆ ಸೇರಿದ ಸ್ವಲ್ಪ ದಿನಕ್ಕೆ ಕ್ಲಾಸ್ ಟೀಚರ್ ನನ್ನನ್ನು ಕರೆಸಿದರು. ಒಂದು ಹಾಳೆ ಮುಂದಿಟ್ಟರು. ಮಾವಿನ ಮರ. ಎಲೆಗಳೆಲ್ಲ ಕಂದು, ಕಾಂಡ ಹಸಿರು, ಹಣ್ಣುಗಳಲ್ಲಿ ಅರ್ಧ ಹಳದಿ, ಇನ್ನರ್ಧ ಏನೇನೋ. ನನಗೆ ಕಿಸಕ್ಕನೆ ನಗು ಬಂತು. ಟೀಚರ್ ನಗಲಿಲ್ಲ.

“ಎಲೆಗೆ ಗ್ರೀನ್ ಹಾಕು ಅಂದ್ರೆ ಒಂದಿನ ಸರಿಯಾಗಿ ತಗೊಳ್ತಾಳೆ, ಇನ್ನೊಂದಿನ ಬ್ರೌನ್ ತಗೊಳ್ತಾಳೆ ಮೇಡಂ. ಹೆಣ್ಮಕ್ಕಳಿಗೆ ಈ ಕಲರ್ ಬ್ಲೈಂಡ್ ಪ್ರಾಬ್ಲಂ ಬರಲ್ಲ ಅಂತಾರೆ. ಆದ್ರೂ ಒಂದ್ಸಲ ಕಣ್ಣು ತೋರ್ಸಿಬಿಡಿ.”

ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು, ನಾನು ಹೇಳುವ ಹಾಗಿರಲಿಲ್ಲ. ಶಾಲೆಯಿಂದ ಮನೆಯವರೆಗಿನ ದಾರಿಯಲ್ಲಿ, ಮಗಳು ನನ್ನ ಬೆರಳು ಹಿಡಿದು ಕುಣಿಯುತ್ತ ಬರುತ್ತಿದ್ದರೆ, ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದದ್ದನ್ನು ನಾನು ತಲೆಯೊಳಗೆ ನಮ್ಮ ಮನೆಯ ಮುಖಗಳನ್ನಿಟ್ಟು ಬರೆಯತೊಡಗಿದೆ.

ಕೆಂಪು ಹಸಿರು ಬಿಡಿಸಿ ತೋರಿಸುವ ಜೀನು ಕೂತಿರುವುದು ಎಕ್ಸ್ ಎಂಬ ವರ್ಣತಂತುವಿನ ಮೇಲೆ. ಗಂಡಸಿಗೆ ಎಕ್ಸ್ ಒಂದೇ, ತಾಯಿ ಕೊಟ್ಟದ್ದು. ಅದರಲ್ಲಿ ಐಬಿದ್ದರೆ ಬದಲಿ ಇಲ್ಲ. ಹೆಂಗಸಿಗೆ ಎರಡು. ಒಂದು ಕೈಕೊಟ್ಟರೂ ಇನ್ನೊಂದು ಸಂಸಾರ ತೂಗಿಸುತ್ತದೆ. ಹಾಗಾಗಿ ಅವಳ ಕಣ್ಣಿಗೆ ಏನೂ ಆಗಿರುವುದಿಲ್ಲ, ಆದರೆ ಮುಂದಕ್ಕೆ ದಾಟಿಸಬಲ್ಲಳು. ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಐಬಿದ್ದ ಎಕ್ಸನ್ನು ಮಗನಿಗೂ ಕೊಟ್ಟಳು, ಮಗಳಿಗೂ ಕೊಟ್ಟಳು. ಮಗ ನನ್ನ ಅಪ್ಪ. ಮಗಳು ನನ್ನ ಅತ್ತೆ. ಅತ್ತೆಯಿಂದ ಅದು ನನ್ನ ಗಂಡನಿಗೆ ಬಂತು. ಅವನಿಂದ ನಮ್ಮ ಮಗಳಿಗೆ ಬಂದೇ ಬಂದಿದೆ, ಅವನ ಹತ್ತಿರ ಕೊಡಲು ಬೇರೆ ಎಕ್ಸ್ ಇಲ್ಲ. ಅಪ್ಪನಿಂದ ಅದು ನನಗೂ ಬಂದಿದೆ. ನನ್ನ ಹತ್ತಿರ ಅಮ್ಮ ಕೊಟ್ಟ ಒಳ್ಳೆಯದೂ ಇದೆ. ಆ ಎರಡರಲ್ಲಿ ನನ್ನ ಮಗಳ ಪಾಲಿಗೆ ಬಂದದ್ದು ಯಾವುದು? ಅಮ್ಮನದಾದರೆ ಅವಳು ಎಲ್ಲ ಬಣ್ಣ ಕಾಣುತ್ತಾಳೆ. ಅಪ್ಪನದಾದರೆ ಕಾಣುವುದಿಲ್ಲ. ಅರ್ಧಕ್ಕೆ ಅರ್ಧ.

ಆ ಆಯ್ಕೆ ಆದದ್ದು ನನ್ನ ಮೈಯೊಳಗೆ, ನನ್ನನ್ನು ಕೇಳದೆ. ಅಂಡಾಣುವಿನ ವಿಭಜನೆ ಶುರುವಾಗುವುದು ಹೆಣ್ಣುಮಗು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ. ಅಲ್ಲೇ ನಡುವೆ ನಿಂತು, ಅವಳು ದೊಡ್ಡವಳಾದ ಮೇಲೆ ಯಾವುದೋ ಒಂದು ತಿಂಗಳು ಮುಂದುವರಿಯುತ್ತದೆ. ಇದನ್ನು ತರಗತಿಯಲ್ಲಿ ಹೇಳುವಾಗ ಎಷ್ಟು ಚಂದ ಅನ್ನಿಸುತ್ತಿತ್ತು. ಆವತ್ತು ಮಾತ್ರ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಬಣ್ಣ ಗೊತ್ತಾಗದಿದ್ದರೆ ಪ್ರಪಂಚವೇನು ಮುಳುಗುತ್ತದೆ ಎಂದು ಕೇಳಬಹುದು. ಮುಳುಗುವುದಿಲ್ಲ, ಸರಿ. ಆದರೆ ನನ್ನ ಮಗಳಿಗೆ ಮೆಟ್ರೋ ಓಡಿಸಬೇಕು. ತುಮಕೂರು ರಸ್ತೆಯ ಮೇಲೆ ಹೋಗುವ ರೈಲನ್ನು ತೋರಿಸಲು ಅಪ್ಪ ಅವಳನ್ನು ದಿನಾ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಾಗ ಚಾಲಕರ ಕೋಣೆಯಿಂದ ಒಬ್ಬ ಹುಡುಗಿ ಇವಳಿಗೆ ಕೈಬೀಸಿದಳಂತೆ. ಆವತ್ತಿನಿಂದ ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೂ ಬಾಗಿಲು ಮುಚ್ಚಲಿದೆ, ದೂರ ಸರಿಯಿರಿ ಎಂದು ಘೋಷಣೆ. ಇವತ್ತು ಮೆಟ್ರೋ, ನಾಳೆ ಐಸ್‌ಕ್ರೀಮ್ ಅಂಗಡಿ ಎನ್ನುವ ವಯಸ್ಸು, ಒಪ್ಪಿದೆ. ಅವಳೇ ಬೇಡ ಅಂದರೆ ಬೇಡ. ಆದರೆ ಸಿಗ್ನಲ್ಲಿನ ಕೆಂಪು ಹಸಿರು ಕಾಣದವರನ್ನು ಆ ಕೋಣೆಯೊಳಗೆ ಬಿಡುವುದಿಲ್ಲ. ಅವಳು ಬಾಗಿಲ ತನಕ ಹೋಗುವ ಮೊದಲೇ ಬಾಗಿಲು ಹಾಕಿಬಿಟ್ಟಿದ್ದರೆ ಎಂಬ ಯೋಚನೆಯನ್ನೇ ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ಅಮ್ಮನ ಬಳೆ ಡಬ್ಬ ತೆಗೆದೆ. ಹೆಸರು ಹೇಳುವುದೇ ಬೇಡ, ಒಂದೇ ಥರದ್ದನ್ನು ಒಂದು ಕಡೆ ಇಡು ಎಂದು ಮಗಳಿಗೆ ಹೇಳಿದೆ. ಅವಳು ನಾಲಿಗೆ ಕಚ್ಚಿಕೊಂಡು ಶ್ರದ್ಧೆಯಿಂದ ದೊಡ್ಡ ಬಳೆಗಳನ್ನು ಒಂದು ಕಡೆ, ಚಿಕ್ಕವನ್ನು ಇನ್ನೊಂದು ಕಡೆ ಇಟ್ಟಳು. ಸೈಜಲ್ಲ, ಬಣ್ಣ ನೋಡು ಎಂದೆ. ಅಷ್ಟರಲ್ಲಿ ಅಪ್ಪ ಪಕ್ಕಕ್ಕೆ ಬಂದು ಕೂತು, “ಇದೂ ಅದೂ ಒಂದೇ ಕಣೋ ಮಗಾ, ಇಲ್ಲಿಡು,” ಎಂದು ಸಹಾಯ ಮಾಡತೊಡಗಿದರು. ಅವಳು ತಾತ ಹೇಳಿದಲ್ಲೇ ಇಟ್ಟಳು.

“ಅಪ್ಪ, ನೀವು ಸ್ವಲ್ಪ ಸುಮ್ನಿರ್ತೀರಾ?” ಎಂದು ನಾನು ಕಿರುಚಿದೆ.

ಅಪ್ಪ ಎದ್ದು ಹೊರಗೆ ಹೋದರು. ಮಗಳು ಬಳೆಗಳನ್ನೆಲ್ಲ ಒಟ್ಟಿಗೆ ಡಬ್ಬಕ್ಕೆ ಸುರಿದು, ನಂಗೆ ಈ ಆಟ ಬೇಡ ಎಂದು ತಾತನ ಹಿಂದೆ ಓಡಿದಳು. ಕಣ್ಣಿಗೆ ಕಾಣದೆ ತಪ್ಪು ಹೇಳುತ್ತಿದ್ದಾಳೋ, ಕಲಿಸಿದವರು ತಪ್ಪು ಕಲಿಸಿದ್ದಕ್ಕೆ ಹೇಳುತ್ತಿದ್ದಾಳೋ, ನನಗೆ ತಲೆಬುಡ ತಿಳಿಯಲಿಲ್ಲ. ಮೊದಲನೆಯದಾದರೆ ಯಾರೂ ಏನೂ ಮಾಡುವ ಹಾಗಿಲ್ಲ. ಎರಡನೆಯದಾದರೆ ಒಂದು ವಾರದಲ್ಲಿ ತಿದ್ದಬಹುದು.

ಗಂಡ ಬಂದ ಮೇಲೆ ಎಲ್ಲ ಬಿಡಿಸಿ ಹೇಳಿದೆ. ಅವನು ಮೊದಲು ಜಂಬದಿಂದಲೇ ಮಾತಾಡಿದ.

“ನಂಗೇನ್ ಕಮ್ಮಿಯಾಗಿದೆ? ಮಷೀನ್ ಮೇಲೆ ಲೈಟಿರತ್ತೆ. ಮೇಲಿಂದು ಹತ್ತಿದ್ರೆ ನಿಲ್ಸು, ಕೆಳಗಿಂದು ಹತ್ತಿದ್ರೆ ಓಡ್ಸು. ರೋಡಲ್ಲೂ ಹಂಗೇ. ಇಷ್ಟು ವರ್ಷದಲ್ಲಿ ಒಂದು ಪೀಸ್ ಹಾಳು ಮಾಡಿಲ್ಲ ನಾನು.”

“ಅವಳೂ ಹಂಗೇ ಮೇಲೆ ಕೆಳಗೆ ನೋಡ್ಕೊಂಡೇ ಬದುಕಬೇಕಾ?”

ಅವನು ನನ್ನ ಕಡೆ ನೋಡದೆ, “ಧಾರೆ ಸೀರೆ ಯಾವ ಬಣ್ಣ ಅಂತ ಇವತ್ತಿಗೂ ಗೊತ್ತಿಲ್ಲ ಕಣೇ ನಂಗೆ. ಎಲ್ರೂ ಚೆನ್ನಾಗಿದೆ ಅಂದ್ರು, ನಾನೂ ಅಂದೆ,” ಅಂದ.

“ಕೆಂಪು ಕಣೋ,” ಅಂದೆ. ಅವನ ಕೈ ಹಿಡಿದುಕೊಂಡು ಕೂತೆ. ಶನಿವಾರ ಅರ್ಧ ದಿನ ರಜಾ ಹಾಕ್ತೀನಿ, ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ ಎಂದು ಅವನೇ ಹೇಳಿದ.

ಶನಿವಾರ ನಾವು ಮೂವರು ಹೊರಟರೆ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಗೇಟಿನಲ್ಲಿ ಸಿದ್ಧರಾಗಿ ನಿಂತಿದ್ದರು. ನನ್ನ ಶಿಷ್ಯೆ, ನಾನು ಬರದಿದ್ದರೆ ಹೇಗೆ ಎಂಬುದು ಅವರ ವಾದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ ಮನೆಯಲ್ಲೇ ಉಳಿದಳು. ಪೀಣ್ಯದ ಕಡೆಯ ಬಸ್ ಸ್ಟಾಪಿನ ಹಿಂದೆ ಒಂದು ಸಣ್ಣ ಕ್ಲಿನಿಕ್. ಡಾಕ್ಟರ್ ನನ್ನ ವಯಸ್ಸಿನವರೇ, ನಗುಮುಖದ ಹೆಂಗಸು. ನಮ್ಮ ಮನೆಯ ಎಕ್ಸುಗಳ ಕಥೆಯನ್ನು ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿ, ಹಾಗಾದರೆ ನೋಡಲೇಬೇಕು ಎಂದು ಬೀರುವಿನಿಂದ ಒಂದು ದಪ್ಪ ರಟ್ಟಿನ ಪುಸ್ತಕ ತೆಗೆದರು. ಹಾಳೆಯ ತುಂಬ ಬಣ್ಣಬಣ್ಣದ ಚುಕ್ಕೆಗಳ ವೃತ್ತ. ಚುಕ್ಕೆಗಳ ನಡುವೆ ಒಂದು ಸಂಖ್ಯೆ ಅಡಗಿರುತ್ತದೆ. ಬಣ್ಣದ ಹೆಸರು ಗೊತ್ತಿರಬೇಕಾಗಿಲ್ಲ, ಕಂಡ ಸಂಖ್ಯೆ ಹೇಳಿದರೆ ಸಾಕು. ನನಗೆ ಜೀವ ಬಂದ ಹಾಗಾಯಿತು. ಯಾರು ಏನೇ ಕಲಿಸಿದ್ದರೂ ಇಲ್ಲಿ ಕಣ್ಣು ಮಾತ್ರ ಮಾತಾಡುತ್ತದೆ ಎಂದುಕೊಂಡೆ.

ಮೊದಲ ಹಾಳೆಯಲ್ಲಿ ಹನ್ನೆರಡು. ಅದು ಎಂಥವರಿಗೂ ಕಾಣುವಂಥದ್ದು. ಮಗಳು ಹನ್ನೆರಡು ಅಂದಳು. ಹಿಂದೆ ಕೂತಿದ್ದ ಅಪ್ಪ, ಗಂಡ ಇಬ್ಬರೂ ಹನ್ನೆರಡು ಅಂದರು. ಅಪ್ಪ ನನ್ನ ಕಡೆ ನೋಡಿ, ನೋಡಿದೆಯಾ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಡಾಕ್ಟರ್ ಹಾಳೆ ತಿರುಗಿಸಿದರು. ನನಗೆ ಎಂಟು ಎಂದು ಢಾಳಾಗಿ ಕಂಡಿತು.

“ಮೂರು,” ಅಂದರು ಅಪ್ಪ, ಯಾರೂ ಕೇಳದಿದ್ದರೂ.

“ಮೂರು,” ಅಂದ ನನ್ನ ಗಂಡ.

ಮಗಳು ಹಾಳೆ ನೋಡಿದಳು. ತಿರುಗಿ ತಾತನ ಮುಖ ನೋಡಿದಳು. ಮತ್ತೆ ಹಾಳೆ ನೋಡಿ, “ಮೂರು,” ಅಂದಳು.

ನನ್ನ ಕಣ್ಣು ಮಂಜಾಯಿತು. ಇಷ್ಟೇ, ಮುಗಿಯಿತು ಎಂದುಕೊಂಡೆ. ಡಾಕ್ಟರ್ ಮಾತ್ರ ಹಾಳೆಯನ್ನು ನೋಡುತ್ತಿರಲಿಲ್ಲ. ಅವರು ನನ್ನ ಮಗಳನ್ನೇ ನೋಡುತ್ತಿದ್ದರು.

“ತಾತ, ಅಪ್ಪ, ಇಬ್ರೂ ಸ್ವಲ್ಪ ಹೊರಗೆ ಕೂತ್ಕೊಳ್ಳಿ,” ಅಂದರು.

ಅಪ್ಪ ಗೊಣಗುತ್ತ ಎದ್ದರು. ಬಾಗಿಲು ಹಾಕಿದ ಮೇಲೆ ಡಾಕ್ಟರ್ ಅದೇ ಹಾಳೆಯನ್ನು ಮಗಳ ಮುಂದೆ ಹಿಡಿದರು. “ಈಗ ಹೇಳು ಪುಟ್ಟಿ. ತಾತ ಹೇಳಿದ್ದು ಬಿಡು. ನಿಂಗೆ ಏನ್ ಕಾಣ್ಸತ್ತೆ?”

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, “ಬೇರೆ ಹೇಳಿದ್ರೆ ತಾತಂಗೆ ಬೇಜಾರಾಗಲ್ವಾ?” ಅಂದಳು.

“ಇಲ್ಲಮ್ಮ. ಹೇಳು.”

“ಎಂಟು.”

ಡಾಕ್ಟರ್ ಹಾಳೆ ತಿರುಗಿಸಿದರು. ಇಪ್ಪತ್ತೊಂಬತ್ತು ಅಂದಳು. ಅದು ಇಪ್ಪತ್ತೊಂಬತ್ತೇ. ಇನ್ನೊಂದು ತಿರುಗಿಸಿದರು. ಐದು. ಇನ್ನೊಂದು. ಅವಳು ಈಗ ಕುರ್ಚಿಯ ಮೇಲೆ ಮಂಡಿಯೂರಿ ನಿಂತು, ಹಾಳೆ ಪೂರ್ತಿ ತೆರೆಯುವ ಮೊದಲೇ ಸಂಖ್ಯೆ ಕೂಗುತ್ತಿದ್ದಳು. ಒಂದೂ ತಪ್ಪಲಿಲ್ಲ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ, ಡಾಕ್ಟರ್ ಟಿಶ್ಯೂ ಪೇಪರಿನ ಡಬ್ಬ ನನ್ನ ಕಡೆ ಸರಿಸಿದರು. ನನ್ನ ಅಮ್ಮನ ಎಕ್ಸ್ ಬಂದಿತ್ತು. ಅಲ್ಲಿ ಮನೆಯಲ್ಲಿ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುವ ನನ್ನ ಅಮ್ಮ, ಎರಡು ಓಟಿಗೆ ಒಂದು ಓಟಾಗಿ ದಿನಾ ಸೋಲುತ್ತಿದ್ದವಳು, ಗೆದ್ದುಬಿಟ್ಟಿದ್ದಳು. ಗಂಡನಿಂದ ಬಂದ ಐಬಿನ ಎಕ್ಸ್ ಕೂಡ ಮಗಳೊಳಗೆ ಇದ್ದೇ ಇದೆ, ನನ್ನೊಳಗೆ ಇರುವ ಹಾಗೆ. ಅದರ ಚಿಂತೆ ಅವಳು ದೊಡ್ಡವಳಾದ ಮೇಲೆ ಮಾಡಿದರಾಯಿತು.

ಬಾಗಿಲು ತೆರೆದು ಇಬ್ಬರನ್ನೂ ಕರೆದೆವು. ಡಾಕ್ಟರ್ ವಿಷಯ ಹೇಳಿದ ತಕ್ಷಣ ನನ್ನ ಗಂಡ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಷ್ಟು ಸಣ್ಣ ಕೋಣೆಯಲ್ಲಿ ಅವಳ ತಲೆ ಫ್ಯಾನಿಗೆ ತಾಗುತ್ತದೆಂದು ನಾನು ಕೂಗಿದೆ. ಅಪ್ಪ ಮಾತ್ರ ಮೇಜಿನ ಮೇಲೆ ತೆರೆದಿದ್ದ ಪುಸ್ತಕವನ್ನೇ ನೋಡುತ್ತ ನಿಂತಿದ್ದರು. ಎಂಟನ್ನು ಮೂರು ಅಂದಿರಿ ಎಂದು ಡಾಕ್ಟರ್ ನಗುತ್ತಲೇ ಅವರಿಗೆ ಹೇಳಿದರು. ನನಗೆ ಅಪ್ಪನ ಕೋಪದ ಭಯ.

“ಈ ಪುಸ್ತಕ ನಾನು ನೋಡಿದೀನಿ ಮೇಡಂ,” ಅಂದರು ಅಪ್ಪ.

ಎಲ್ಲಿ ಎಂದು ಡಾಕ್ಟರ್ ಕೇಳಿದರು. ಅಪ್ಪ ಕುರ್ಚಿ ಎಳೆದು ಕೂತರು. ಕಾರ್ಖಾನೆ ಸೇರುವ ಮೊದಲು, ಮದುವೆಗೂ ಮೊದಲು, ರೈಲು ಎಂಜಿನ್ ಓಡಿಸುವ ಕೆಲಸಕ್ಕೆ ಹೋಗಿದ್ದರಂತೆ. ಬರೆಯುವ ಪರೀಕ್ಷೆ ಪಾಸು, ಮೈಕಟ್ಟು ಪಾಸು. ಕೊನೆಗೆ ಒಬ್ಬ ಡಾಕ್ಟರ್ ಇಂಥದೇ ಪುಸ್ತಕ ಹಿಡಿದರಂತೆ. ನಾನು ಈ ಮಾತನ್ನು ಎಂದೂ ಕೇಳಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

“ಹಾಳೆ ಮೇಲೆ ಹಾಳೆ ತಿರುಗಿಸಿದ್ರು. ಸುಮಾರು ಹಾಳೆಲಿ ಬರೀ ಚುಕ್ಕೆ. ಏನೂ ಇಲ್ಲ ಸಾರ್, ಏನೂ ಇಲ್ಲ ಸಾರ್ ಅಂದೆ. ಆಚೆ ಹೋಗು ಅಂದ್ರು. ಖಾಲಿ ಹಾಳೆ ತೋರ್ಸಿ, ಯಾರೋ ಬೇಕಾದವ್ರಿಗೆ ನನ್ನ ಕೆಲಸ ಕೊಟ್ರು ಅಂತ್ಲೇ ಅಂದ್ಕೊಂಡಿದ್ದೆ ಇಷ್ಟು ದಿನ.”

ಕಣ್ಣು ತೋರಿಸಿ ಎಂದಾಗಲೆಲ್ಲ ಅವರು ಯಾಕೆ ಮೈಮೇಲೆ ಬರುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು. ಡಾಕ್ಟರ್ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿ ಒಂದು ಹಾಳೆ ತೆಗೆದರು. “ಇಲ್ಲಿ ಏನಾದ್ರೂ ಕಾಣತ್ತಾ ಯಜಮಾನ್ರೇ?” ಅಪ್ಪ ಬಗ್ಗಿ ನೋಡಿದರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಇಲ್ಲ ಎಂದು ತಲೆಯಾಡಿಸಿದರು. ನನ್ನ ಗಂಡನೂ ಇಣುಕಿ ನೋಡಿ ಇಲ್ಲ ಅಂದ.

ಮಗಳು ಹೆಗಲಿನಿಂದ ಇಳಿದು ಬಂದಳು. “ಇದೆ ತಾತ.”

ಹಾಳೆಗೆ ಬೆರಳು ತಾಗಿಸಬಾರದೆಂದು ಡಾಕ್ಟರ್ ಒಂದು ಒಣ ಬ್ರಷ್ಷು ಕೊಟ್ಟರು. ಮಗಳು ಅದನ್ನು ತಾತನ ಕೈಗೆ ಕೊಟ್ಟು, ಆ ದೊಡ್ಡ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಚುಕ್ಕೆಗಳ ಮೇಲೆ ಅಡ್ಡಕ್ಕೆ ಎಳೆದಳು, ಅಲ್ಲಿಂದ ಓರೆಯಾಗಿ ಕೆಳಕ್ಕೆ ಎಳೆದಳು. ಅಪ್ಪ ಇನ್ನೊಂದು ಸಲ ಅಂದರು. ಅವಳು ಇನ್ನೊಂದು ಸಲ ಎಳೆದಳು.

“ಏಳು,” ಅಂದರು ಅಪ್ಪ. “ಏಳು ಇತ್ತೇನಮ್ಮಾ ಇಲ್ಲಿ?”

“ಹೂಂ ತಾತ, ಏಳೇ.”

ಅಪ್ಪ ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದರು. ಆಮೇಲೆ ಅವರ ಮುಖದ ತುಂಬ ನಗು ಹರಡಿತು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ಕಂಡದ್ದು ಕಡಿಮೆ.

“ಪಾಪ, ಆ ಡಾಕ್ಟ್ರು ಮೋಸ ಮಾಡಿರ್ಲಿಲ್ಲ,” ಅಂದರು. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಮೊಮ್ಮಗಳಿಗೆ ಪಕ್ಕದಲ್ಲಿ ಜಾಗ ಮಾಡಿ, ಮುಂದಿನ ಹಾಳೆ ತಿರುಗಿಸಿ ಎಂದು ಡಾಕ್ಟರಿಗೆ ಸನ್ನೆ ಮಾಡಿದರು. “ಇದ್ರಲ್ಲೇನಿದೆ ಹೇಳು ಮಗಾ. ಎಲ್ಲಾ ಹಾಳೆನೂ ಓದ್ಬಿಡು.”